ಚಳಿಗಾಲದ ಗುಂಪು ಪ್ರವಾಸ: ಹಿಮದ ಬೆಟ್ಟವೋ, ತಣ್ಣೀರಿನ ಕಯಾಕೋ?

ಗುಂಪಿನಲ್ಲಿ ಹೊಸಬರೇ ಹೆಚ್ಚಿದ್ದರೆ ನನ್ನ ಮತ ಬೆಟ್ಟಕ್ಕೆ. ಅಲ್ಲಿ ಸುಸ್ತಾದವರು ನಿಲ್ಲಬಹುದು, ಇನ್ನೊಂದು ಉಡುಪು ಏರಿಸಬಹುದು, ಬಂದ ದಾರಿಯಲ್ಲೇ ಮರಳಬಹುದು. ಹಿಮಕುಸಿತಗಳು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಆಗುತ್ತವೆ; ಅತ್ತ ಹೋಗುವುದಾದರೆ ಪ್ರತಿಯೊಬ್ಬರ ಬಳಿಯೂ ಬೀಕನ್ (ಹಿಮದಡಿ ಹೂತವರ ಜಾಗ ತೋರುವ ರೇಡಿಯೊ ಸಾಧನ), ಹಿಮಕ್ಕೆ ಚುಚ್ಚಿ ಹುಡುಕುವ ಶೋಧಕ ಕೋಲು, ಸಲಿಕೆ ಇರಲೇಬೇಕು. ನಾಯಕನ ಬಳಿ ಮಾತ್ರ ಇದ್ದು, ಹೂತುಹೋದವನೂ ಅವನೇ ಆದರೆ ಏನು ಗತಿ?

ಹುಟ್ಟು ಹಾಕಿ ಸಾಗುವ ಕಿರಿದೋಣಿಯಾದ ಕಯಾಕ್‌ನಲ್ಲಿ ಶ್ರಮ ಕಡಿಮೆ ಎನಿಸಿದರೂ ತಪ್ಪಿಗೆ ರಿಯಾಯಿತಿ ಇಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಶಾಖ ಹೀರುತ್ತದೆ. ಮಗುಚಿ ಬಿದ್ದ ಮೊದಲ ನಿಮಿಷ ಉಸಿರು ಹಿಡಿತಕ್ಕೆ ಸಿಗುವುದಿಲ್ಲ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಬೆರಳುಗಳು ಬಕಲ್ ಸಿಕ್ಕಿಸಲೂ ಒಲ್ಲೆ ಎನ್ನುತ್ತವೆ. ಲೈಫ್ ಜಾಕೆಟ್ ದಡದಲ್ಲೇ ತೊಡಬೇಕು. ಬಿಸಿಲು ನೋಡಿ ಮೋಸಹೋಗದೆ ನೀರಿನ ಚಳಿಗೆ ತಕ್ಕ ಉಡುಪು ಧರಿಸಬೇಕು. ಎಲ್ಲರಿಗೂ ಡ್ರೈಸೂಟ್ (ನೀರು ಒಳಬಿಡದ ಮೈಮುಚ್ಚುವ ಉಡುಪು) ಹೊಂದಿಸಲಾಗದಿದ್ದರೆ ನೀರಿನ ಆಸೆಯನ್ನು ಬೇಸಿಗೆಗೆ ಮುಂದೂಡಿ.