ಪಾರ್ಕಿಗೆ ಹೋಗುವವರಿಗೆ 8×42 ಸಾಕು

ನನ್ನ ಹತ್ತಿರ ಮೂರು ಬೈನಾಕ್ಯುಲರ್ ಇವೆ. ಎರಡು ಬೀರುವಿನಲ್ಲಿವೆ. ಒಂದು ಬಾಗಿಲ ಪಕ್ಕದ ಮೊಳೆಗೆ ನೇತಾಡುತ್ತಿದೆ. ಆ ಮೊಳೆಯಲ್ಲಿರುವುದರ ಬಗ್ಗೆಯೇ ಈಗ ಬರೆಯುತ್ತಿರುವುದು. ಅದರ ಮೈಮೇಲೆ 8×42 ಅಂತಿದೆ. ಎಂಟು ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಅಂತ, 42ರ ಮಾತು ಮುಂದೆ ಬರುತ್ತದೆ.

ಎರಡು ವರ್ಷದಿಂದ ಹೆಚ್ಚುಕಡಿಮೆ ಪ್ರತಿ ಭಾನುವಾರ ಬೆಳಿಗ್ಗೆ ಊರಿನ ಒಂದಲ್ಲ ಒಂದು ಪಾರ್ಕಿಗೆ ಇದನ್ನು ಹಾಕಿಕೊಂಡು ಹೋಗಿದ್ದೇನೆ. ಕಾಡಿಗೆ ಒಂದು ಸಲವೂ ಒಯ್ದಿಲ್ಲ. ಹಾಗಾಗಿ ಸಫಾರಿಗೆ ಹೊರಟವರಿಗೆ ಇದರಿಂದ ಜಾಸ್ತಿ ಪ್ರಯೋಜನ ಇಲ್ಲ. ಬಸ್ ಹಿಡಿದು ಹೋಗಿ, ಬೆಂಚಿನ ಮೇಲೆ ಕೂತು, ಮರದ ಕಡೆ ಕತ್ತೆತ್ತಿ ನೋಡುವ ನನ್ನಂಥವರಿಗೆ ಉಪಯೋಗಕ್ಕೆ ಬರಬಹುದು. ವಯಸ್ಸು 56, ಕನ್ನಡಕ ಇದೆ, ಕೈ ಸ್ವಲ್ಪ ನಡುಗುತ್ತದೆ. ಇಷ್ಟು ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ.

ಮೊದಲು ಬಂದಿದ್ದು 20×50. ಭಾವಮೈದ ಕೊಟ್ಟಿದ್ದು. “ಇಪ್ಪತ್ತು ಪಟ್ಟು ಭಾವ, ಚಂದ್ರನ ಮೇಲಿನ ಗುಂಡಿಗಳೂ ಕಾಣ್ತವೆ” ಅಂದಿದ್ದ. ಕಂಡವು ನಿಜ, ತಾರಸಿ ಗೋಡೆಗೆ ಆನಿಸಿ ಉಸಿರು ಬಿಗಿಹಿಡಿದು ನೋಡಿದಾಗ. ಪಾರ್ಕಿನಲ್ಲಿ ಗೋಡೆ ಎಲ್ಲಿಂದ ತರಲಿ? ಹಕ್ಕಿ ಇಪ್ಪತ್ತು ಪಟ್ಟು ದೊಡ್ಡದಾದರೆ ಕೈನಡುಕವೂ ಇಪ್ಪತ್ತು ಪಟ್ಟು ಆಗುತ್ತದೆ. ಮರಕುಟಿಗ ಮರ ಕುಟ್ಟುತ್ತಿದೆಯೋ ನಾನೇ ಕುಟ್ಟುತ್ತಿದ್ದೇನೋ ಗೊತ್ತಾಗುತ್ತಿರಲಿಲ್ಲ. ತೂಕವೂ ಒಂದು ಕಿಲೋ ಹತ್ತಿರ. ಬೀರು ಸೇರಿತು.

ಎರಡನೆಯದನ್ನು ನಾನೇ ಆರಿಸಿ ತಂದೆ. 10×25, ಅಂಗಿ ಜೇಬಿನಲ್ಲಿ ಹಿಡಿಯುತ್ತದೆ. ಹಗಲು ಹತ್ತು ಗಂಟೆಯ ಬಿಸಿಲಿನಲ್ಲಿ ಚೆನ್ನಾಗಿಯೇ ಇತ್ತು. ಆದರೆ ಊರಿನ ಪಾರ್ಕಿನಲ್ಲಿ ಹಕ್ಕಿ ನೋಡಬೇಕಾದರೆ ಬೆಳಿಗ್ಗೆ ಆರಕ್ಕೆ ಹೋಗಬೇಕು. ಏಳಕ್ಕೆ ವಾಕಿಂಗಿನವರು, ಎಂಟಕ್ಕೆ ನಗೆಕೂಟ, ಆಮೇಲೆ ಕ್ರಿಕೆಟ್. ಆರು ಗಂಟೆಗೆ ದೊಡ್ಡ ಮರದ ಕೆಳಗೆ ನಿಂತು ಅದರಲ್ಲಿ ನೋಡಿದರೆ ಬರೀ ಕಪ್ಪು ಎಲೆ, ಕಪ್ಪು ಹಕ್ಕಿ.

ಕಾರಣ ಆಮೇಲೆ ಗೊತ್ತಾಯಿತು. ಲೆಕ್ಕ ಸುಲಭ. ಎರಡನೇ ಅಂಕಿ ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ನಲ್ಲಿ. ಅದನ್ನು ಮೊದಲನೇ ಅಂಕಿಯಿಂದ ಭಾಗಿಸಿ. 25ನ್ನು 10ರಿಂದ ಭಾಗಿಸಿದರೆ 2.5. ಕಣ್ಣಿಗೆ ಬಂದು ಬೀಳುವ ಬೆಳಕಿನ ಬಿಲ್ಲೆ ಅಷ್ಟೇ ಅಗಲ. ಮಬ್ಬು ಬೆಳಕಿನಲ್ಲಿ ನಮ್ಮ ಕಣ್ಣಿನ ಪಾಪೆ ಐದು ಮಿಲಿಮೀಟರ್ ಬಾಯಿ ತೆರೆದು ಕಾದಿರುತ್ತದೆ. ಅದಕ್ಕೆ ಎರಡೂವರೆ ಹಾಕಿದರೆ ಸಾಲುತ್ತಾ? 42ನ್ನು 8ರಿಂದ ಭಾಗಿಸಿ ನೋಡಿ, 5.25. ಅದೇ ಮರದ ಕೆಳಗೆ ಅದೇ ಆರು ಗಂಟೆಗೆ ಪೊಟರೆಯೊಳಗೆ ಕೂತಿದ್ದ ಗೂಬೆಯ ಹುಬ್ಬು ಕಂಡಿತು ನನಗೆ. ಅಷ್ಟು ದಿನ ಅದನ್ನು ಮರದ ಗಂಟು ಅಂದುಕೊಂಡಿದ್ದೆ.

“ಹತ್ತು ಪಟ್ಟು ಇದ್ದರೆ ಒಳ್ಳೆಯದಲ್ವಾ, ಎಂಟು ಯಾಕೆ” ಅಂತ ಕೇಳುವವರು ತುಂಬಾ ಜನ. ಪಾರ್ಕಿನಲ್ಲಿ ಮರ ಎಷ್ಟು ದೂರ ಇರುತ್ತೆ ಹೇಳಿ? ಇಪ್ಪತ್ತು, ಮೂವತ್ತು ಮೀಟರ್. 24 ಮೀಟರ್ ದೂರದ ಕೊಂಬೆ ಎಂಟು ಪಟ್ಟಿನಲ್ಲಿ ಮೂರು ಮೀಟರ್‌ಗೆ ಬಂದಂತೆ ಕಾಣುತ್ತದೆ. ಹತ್ತು ಪಟ್ಟಿನಲ್ಲಿ 2.4 ಮೀಟರ್. ವ್ಯತ್ಯಾಸ ಎರಡೇ ಅಡಿ. ಆ ಎರಡಡಿಗೋಸ್ಕರ ಬೆಳಕು ಕಳೆದುಕೊಂಡು, ನಡುಕ ಹೆಚ್ಚಿಸಿಕೊಂಡು, ಕಾಣುವ ಜಾಗವನ್ನೂ ಕಿರಿದು ಮಾಡಿಕೊಳ್ಳುವುದು ನನಗೆ ಬೇಡ. ಇದರ ಡಬ್ಬಿ ಮೇಲೆ 1000 ಮೀಟರ್ ದೂರದಲ್ಲಿ 142 ಮೀಟರ್ ಅಗಲ ಕಾಣುತ್ತದೆ ಅಂತಿದೆ. ಹಳೆಯ ಪುಟಾಣಿಯದು 96. ಎಲೆಗಳ ನಡುವೆ ಪುಟಪುಟ ಹಾರುವ ಸಣ್ಣ ಹಕ್ಕಿಯನ್ನು ಹುಡುಕುವಾಗ ಈ ಅಗಲವೇ ಕೈಹಿಡಿಯುವುದು.

ನನಗೆ ತುಂಬಾ ಇಷ್ಟವಾದ ಗುಣವನ್ನು ಅಂಗಡಿಯವರು ಹೇಳಲೇ ಇಲ್ಲ. ಇದು ಎರಡು ಮೀಟರ್ ಹತ್ತಿರದ್ದನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ಹಕ್ಕಿ ಸಿಗದ ದಿನ ಕೊಳದ ದಂಡೆಯಲ್ಲಿ ಕೂರುತ್ತೇನೆ. ನೀರಿನಿಂದ ಎದ್ದುನಿಂತ ಒಂದು ಕಡ್ಡಿ, ಅದರ ತುದಿಯಲ್ಲಿ ಏರೋಪ್ಲೇನ್ ಚಿಟ್ಟೆ. ನಾಲ್ಕೂ ರೆಕ್ಕೆ ಮುಂದಕ್ಕೆ ಬಾಗಿಸಿ ಕೂತಿರುತ್ತದೆ. ಪ್ರತಿ ರೆಕ್ಕೆಯ ತುದಿ ಹತ್ತಿರ, ಮುಂದಿನ ಅಂಚಿನಲ್ಲಿ, ಪೆನ್ನಿನಿಂದ ಗುರುತು ಮಾಡಿದ ಹಾಗೆ ಒಂದು ಕಪ್ಪು ಚೌಕ. ಬಲೆ ನೇಯ್ದಂಥ ಗೆರೆಗಳು. ತಲೆಯನ್ನು ಚಕ್ಕನೆ ಓರೆ ಮಾಡುತ್ತದೆ, ಮೇಲೆ ಹಾರುವ ಏನನ್ನೋ ಕಣ್ಣಲ್ಲೇ ಅಳೆಯುತ್ತದೆ, ಹಾರುತ್ತದೆ, ಒಂದು ಸುತ್ತು ಹಾಕಿ ಮತ್ತೆ ಅದೇ ಕಡ್ಡಿಗೆ ಬರುತ್ತದೆ. ವಾಪಸ್ ಬಂದಾಗ ದವಡೆ ಅಲ್ಲಾಡುತ್ತಿರುತ್ತದೆ. ಸೊಳ್ಳೆಯೋ ನೊಣವೋ ಒಳಗೆ ಹೋಗುತ್ತಿದೆ ಅಂತ ಲೆಕ್ಕ. ಒಂದು ದಿನ ಇದೇ ಒಂದನ್ನು ನಲವತ್ತು ನಿಮಿಷ ನೋಡಿದ್ದೇನೆ. ಚಿಕ್ಕಂದಿನಲ್ಲಿ ಇದರ ಬಾಲಕ್ಕೆ ದಾರ ಕಟ್ಟಿದ್ದು ನೆನಪಾಗಿ ಸ್ವಲ್ಪ ನಾಚಿಕೆಯೂ ಆಯಿತು.

ಕನ್ನಡಕದವರಿಗೆ ಒಂದು ಮಾತು. ಕಣ್ಣಿಡುವ ಕಡೆ ರಬ್ಬರ್ ಬಟ್ಟಲು ಇರುತ್ತದಲ್ಲ, ಅದನ್ನು ತಿರುಗಿಸಿ ಒಳಗೆ ತಳ್ಳಿ. ಹೊರಗೆ ಎಳೆದಿಟ್ಟುಕೊಂಡರೆ ಕೊಳವೆಯಲ್ಲಿ ಇಣುಕಿದ ಹಾಗಿರುತ್ತದೆ. ಕೊಳ್ಳುವಾಗ ಐ ರಿಲೀಫ್, ಅಂದರೆ ಇಡೀ ಚಿತ್ರ ಕಾಣಲು ಕಣ್ಣು ಗಾಜಿನಿಂದ ಎಷ್ಟು ದೂರ ಇರಬಹುದು ಅನ್ನುವ ಅಳತೆ, 15 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಬಿಟ್ಟುಬಿಡಿ. ಇನ್ನು ಬಲಗಣ್ಣಿನ ಹತ್ತಿರ ಒಂದು ಸಣ್ಣ ಬಳೆ ಇದೆ. ಅದು ಅಲಂಕಾರಕ್ಕೆ ಅಂದುಕೊಂಡು ನಾನು ಮೂರು ವಾರ ತಲೆನೋವು ಅನುಭವಿಸಿದೆ. ಬಲಗಡೆ ಗಾಜಿಗೆ ಕೈ ಅಡ್ಡ ಹಿಡಿದು, ಎಡಗಣ್ಣಿಗೆ ನಡುವಿನ ಚಕ್ರದಿಂದ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡಗಡೆ ಮುಚ್ಚಿ, ಚಕ್ರ ಮುಟ್ಟದೆ, ಬಲಗಣ್ಣಿಗೆ ಆ ಬಳೆ ತಿರುಗಿಸಿ. ಒಂದು ಸಲ ಮಾಡಿದರೆ ಸಾಕು. ಮನೆಯಲ್ಲಿ ಬೇರೆ ಯಾರೂ ಅದನ್ನು ಮುಟ್ಟದಿದ್ದರೆ.

ಈಗ ದೂರುಗಳು. ಎಂಟು ತಿಂಗಳಿಗೆ ಬಲಗಡೆ ಕೊಳವೆಯ ಒಳಗೆ ಮಂಜು ಕೂತಿತು. ಒಳಗೆ ಸಾರಜನಕ ತುಂಬಿದೆ, ನೀರು ಹೋಗಲ್ಲ, ಮಂಜು ಕಟ್ಟಲ್ಲ ಅಂತ ಡಬ್ಬಿ ಮೇಲೆ ದೊಡ್ಡದಾಗಿ ಬರೆದಿದ್ದರು. ಅಂಗಡಿಗೆ ತಗೊಂಡು ಹೋದರೆ “ಸಾರ್, ನೀವೇ ಕೊಳಕ್ಕೆ ಬೀಳಿಸಿರ್ಬೇಕು” ಅಂದರು. ಎರಡು ತಿಂಗಳು ಓಡಾಡಿಸಿ ಕೊನೆಗೆ ಬೇರೆಯದನ್ನು ಕೊಟ್ಟರು. ಅದಕ್ಕೇ ಬಿಲ್ಲು ಜೋಪಾನ. ಜೊತೆಗೆ ಬಂದ ಕತ್ತಿನ ಪಟ್ಟಿಯೂ ಏನೇನೂ ಚೆನ್ನಾಗಿಲ್ಲ. 650 ಗ್ರಾಂ ಅಂದರೆ ಏನು ಮಹಾ ಅನ್ನಿಸುತ್ತದೆ, ಎರಡು ಗಂಟೆ ಕತ್ತಿಗೆ ಹಾಕಿಕೊಂಡರೆ ಗೊತ್ತಾಗುತ್ತದೆ. ಎರಡೂ ಹೆಗಲಿಗೆ ಬರುವ ಪಟ್ಟಿ ಬೇರೆ ತಂದೆ. ಮುಂದಿನ ಗಾಜಿನ ಮುಚ್ಚಳ ಎರಡನೇ ವಾರವೇ ಎಲ್ಲೋ ಬಿದ್ದುಹೋಯಿತು.

ಊರಿನ ಪಾರ್ಕಿಗೇ ಸೇರಿದ ಇನ್ನೊಂದು ತಾಪತ್ರಯ ಇದೆ. ಇಲ್ಲಿ ಪ್ರತಿ ಮರದ ಹಿಂದೆಯೂ ಒಂದು ಅಪಾರ್ಟ್‌ಮೆಂಟ್ ಇರುತ್ತದೆ. ನೀವು ನೋಡುತ್ತಿರುವುದು ಕೊಂಬೆಯ ಮೇಲಿನ ಹಕ್ಕಿ, ಅದರ ನೇರಕ್ಕೆ ಬಟ್ಟೆ ಒಣಹಾಕುತ್ತಿರುವವರ ಬಾಲ್ಕನಿ. ಒಮ್ಮೆ ಸೆಕ್ಯುರಿಟಿಯವರು ಬಂದು “ಏನ್ ಸಾರ್, ಎಲ್ಲಿ ನೋಡ್ತಿದೀರಾ” ಅಂದರು. ಗಿಳಿ ತೋರಿಸೋಣ ಅಂದರೆ ಅದು ಅಷ್ಟರಲ್ಲಿ ಹಾರಿಹೋಗಿತ್ತು! ಈಗ ಕಟ್ಟಡಗಳಿಗೆ ಬೆನ್ನು ಹಾಕಿ ನಿಲ್ಲುತ್ತೇನೆ. ಒಳ್ಳೆಯ ಮರಗಳೆಲ್ಲ ಕಟ್ಟಡದ ಕಡೆಯೇ ಇದ್ದರೆ ಸುಮ್ನೆ ಮುಂದೆ ಹೋಗುತ್ತೇನೆ.

ಬೈನಾಕ್ಯುಲರ್ ಕೊರಳಲ್ಲಿದ್ದರೆ ಕೇಳುವವರು ಬಂದೇ ಬರುತ್ತಾರೆ, ಕೊಡುವುದಕ್ಕೆ ತಯಾರಾಗಿರಿ. ಮಕ್ಕಳು ಗಾಜಿಗೇ ಬೆರಳಿಡುತ್ತಾರೆ. ಅದನ್ನು ಅಂಗಿಯ ತುದಿಯಿಂದ ಒರೆಸಬೇಡಿ, ಮೊದಲು ಧೂಳು ಊದಿ. ಸೂರ್ಯನ ಕಡೆ ತಿರುಗಿಸದ ಹಾಗೆ ಪಕ್ಕದಲ್ಲೇ ನಿಂತಿರಿ.

ಹೋದ ತಿಂಗಳು ಮಾಲಿ ಒಬ್ಬರು “ಒಂಚೂರು ಕೊಡಿ ಸಾರ್” ಅಂದರು. ಹದ್ದಿನ ಗೂಡು ಎಲ್ಲಿದೆ ಅಂತ ತೋರಿಸುತ್ತಿದ್ದೆ. ಅವರು ಗೂಡಿನ ಕಡೆ ತಿರುಗಲೇ ಇಲ್ಲ. ಪಾರ್ಕಿನ ಆ ತುದಿಗೆ ಹಿಡಿದು, ಚಕ್ರ ತಿರುಗಿಸಿ, “ಅಯ್ಯೋ, ಪೈಪು ಬಿಟ್ಟೇ ಬಂದಿದೀನಿ!” ಅಂತ ನನ್ನ ಕೈಗೆ ತುರುಕಿ ಓಡಿದರು.