ಥಿಕ್ನರ್ ಪುಡಿ: ಒಳ್ಳೆಯದೇ, ಆದರೆ ಜೊತೆಗೊಂದು ಸಿರಿಂಜ್ ಇರಲಿ

ಪಾರ್ಶ್ವವಾಯು ಹೊಡೆದವರಲ್ಲಿ ಅನೇಕರಿಗೆ ಅನ್ನಕ್ಕಿಂತ ನೀರೇ ಬೇಗ ನೆತ್ತಿಗೆ ಹತ್ತುತ್ತದೆ. ನುಂಗುವಾಗ ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಸರಿಯಬೇಕು, ಶ್ವಾಸನಾಳದ ಬಾಯಿಗೆ ಮುಚ್ಚಳದಂತಿರುವ ಎಪಿಗ್ಲಾಟಿಸ್ ಬಾಗಬೇಕು, ಧ್ವನಿತಂತುಗಳು ಕೂಡಿಕೊಳ್ಳಬೇಕು, ಉಸಿರು ನಿಲ್ಲಬೇಕು. ಇಷ್ಟೂ ಸುಮಾರು ಒಂದು ಸೆಕೆಂಡಿನಲ್ಲಿ ಮುಗಿಯಬೇಕು. ಇದು ತಡವಾದರೆ ತೆಳು ನೀರು ಮೊದಲೇ ಜಾರಿ ಶ್ವಾಸನಾಳ ಸೇರುತ್ತದೆ. ಆ ನೀರನ್ನು ಗಟ್ಟಿಯಾಗಿಸಿ ನಿಧಾನ ಮಾಡುವುದಷ್ಟೇ ಥಿಕ್ನರ್ ಪುಡಿಯ ಕೆಲಸ.

ತುಮಕೂರಿನ ಬಿ.ಎಚ್. ರಸ್ತೆಯ ದೊಡ್ಡ ಮೆಡಿಕಲ್ ಶಾಪ್‌ಗಳಲ್ಲಿ ಹೇಳಿ ತರಿಸಿಕೊಳ್ಳುವವರು ಮೊದಲು ಡಬ್ಬಿಯ ಮೇಲೆ ಒಳಗಿರುವುದು ಪಿಷ್ಟವೋ ಕ್ಸಾಂಥನ್ ಗಮ್ ಎಂಬ ಅಂಟೋ ಓದಿ. ನಮ್ಮ ಮತ ಕ್ಸಾಂಥನ್‌ಗೆ. ಎಂಜಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುತ್ತದೆ, ಕ್ಸಾಂಥನ್ ಅನ್ನು ಒಡೆಯುವುದಿಲ್ಲ. ಬಾಯಿಗಿಟ್ಟ ಚಮಚವನ್ನೇ ಮತ್ತೆ ಅದ್ದಿದರೆ ಪಿಷ್ಟ ಬೆರೆಸಿದ ಲೋಟ ನೋಡನೋಡುತ್ತ ನೀರಾಗುತ್ತದೆ. ರಾಗಿ ಅಂಬಲಿ ಸಾಲದೇ ಎನ್ನುವವರಿಗೂ ಇದೇ ಉತ್ತರ. ಅಂಬಲಿ ಬಿಸಿಯಿದ್ದಾಗ ಒಂದು ಹದ, ಆರಿದಾಗ ಇನ್ನೊಂದು. ಇನ್ನು ಮುದ್ದೆ, ಸಾರಿನ ಮಾತು ಬೇರೆಯೇ. ಅಗಿಯದ ಗಟ್ಟಿ ತುತ್ತು, ತೆಳು ಸಾರು ಎರಡೂ ಒಟ್ಟಿಗೆ ಗಂಟಲಿಗಿಳಿಯುವುದು ಇಂಥವರಿಗೆ ಎಲ್ಲಕ್ಕಿಂತ ಕಷ್ಟದ ಕೆಲಸ. ಯಾವ ಪುಡಿಯೂ ಅದನ್ನು ಸರಿಮಾಡದು.

ಬೆರೆಸುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ನೀರಿಗೆ ಪುಡಿ ಸುರಿದರೆ ಹೊರಗೆ ಲೋಳೆ, ಒಳಗೆ ಒಣಪುಡಿಯ ಗಂಟು. ಒಣ ಲೋಟಕ್ಕೆ ಮೊದಲು ಪುಡಿ ಹಾಕಿ, 100 ಮಿ.ಲೀ. ನೀರನ್ನು ಒಮ್ಮೆಗೇ ಹೊಯ್ದು, ಫೋರ್ಕಿನಿಂದ ಅರ್ಧ ನಿಮಿಷ ಬಿಡದೆ ಕಲಕಿ. ಪುಡಿಯ ಅಳತೆಗೆ ಡಬ್ಬಿಯೊಳಗಿನ ಚಮಚವನ್ನೇ ಬಳಸಿ, ಅಡುಗೆಮನೆಯದು ಬೇಡ. ನೀರಿಗೆ ಕೆಲವೇ ನಿಮಿಷ ಸಾಕು. ಹಾಲು, ಮಜ್ಜಿಗೆ ಗಟ್ಟಿಯಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ತೆಳ್ಳಗಿದೆಯೆಂದು ಇನ್ನೊಂದು ಚಮಚ ಸೇರಿಸಿದರೆ ಕೆಟ್ಟಿತು.

ಹದವನ್ನು ಕಣ್ಣಳತೆಗೆ ಬಿಡಬೇಡಿ. ಸೂಜಿಯಿಲ್ಲದ 10 ಮಿ.ಲೀ. ಸಿರಿಂಜಿನ ದಂಡ ತೆಗೆಯಿರಿ. 0ಯಿಂದ 10ರ ಗೆರೆಯವರೆಗೆ ಉದ್ದ 61.5 ಮಿ.ಮೀ. ಇರಬೇಕು, ಸ್ಕೇಲು ಹಿಡಿದು ನೋಡಿ. ತುದಿಯನ್ನು ಬೆರಳಿನಿಂದ ಮುಚ್ಚಿ, ಬೆರೆಸಿದ ದ್ರವವನ್ನು 10ರವರೆಗೆ ತುಂಬಿ, ಬೆರಳು ತೆಗೆದು 10 ಸೆಕೆಂಡು ಇಳಿಯಲು ಬಿಟ್ಟು ಮತ್ತೆ ಮುಚ್ಚಿ. 1ರಿಂದ 4 ಮಿ.ಲೀ. ಉಳಿದರೆ ದ್ರವದ ಹದ ಅಳೆಯುವ ಅಂತರರಾಷ್ಟ್ರೀಯ IDDSI ಪಟ್ಟಿಯ ಒಂದನೇ ಹಂತ, 4ರಿಂದ 8 ಉಳಿದರೆ ಎರಡನೇದು, 8ಕ್ಕಿಂತ ಹೆಚ್ಚು ಉಳಿದೂ ಸ್ವಲ್ಪವಾದರೂ ಇಳಿಯುತ್ತಿದ್ದರೆ ಮೂರನೇದು. ಏನೂ ಇಳಿಯದಿದ್ದರೆ ನಾಲ್ಕು, ಅದು ಚಮಚದಲ್ಲಿ ತಿನ್ನುವ ಹದ. ಯಾವ ಹಂತ ಬೇಕೆಂದು ಹೇಳಬೇಕಾದವರು ನುಂಗುವಿಕೆಯನ್ನು ಪರೀಕ್ಷಿಸಿದ ಸ್ಪೀಚ್ ಥೆರಪಿಸ್ಟ್. ಅಂಗಡಿಯವರಲ್ಲ, ಪಕ್ಕದ ಮನೆಯವರೂ ಅಲ್ಲ.

ಗಟ್ಟಿಯಾದಷ್ಟೂ ಒಳ್ಳೆಯದೆಂಬ ನಂಬಿಕೆ ಅಪಾಯದ್ದು. ಗಂಟಲಿನ ಸ್ನಾಯು ಸೋತಿದ್ದರೆ ಗಟ್ಟಿ ದ್ರವ ನಾಲಿಗೆಯ ಬುಡದ ಹಳ್ಳದಲ್ಲೇ ಉಳಿದು, ನುಂಗಿದ ಮೇಲೆ ಉಸಿರಿನ ಜೊತೆ ಒಳಗೆ ಹೋಗಬಹುದು. ಕುಡಿದ ಮೇಲೆ "ಆ" ಅನ್ನಿಸಿ ನೋಡಿ. ಧ್ವನಿ ಗೊರಗೊರ ಎಂದರೆ ಅಲ್ಲಿಗೇ ನಿಲ್ಲಿಸಿ. ಕೆಮ್ಮು ಬರಲಿಲ್ಲವೆಂದು ನೆಮ್ಮದಿ ಪಡುವಂತಿಲ್ಲ. ಕೆಲವರಿಗೆ ಶ್ವಾಸನಾಳಕ್ಕೆ ನೀರು ಇಳಿದರೂ ಕೆಮ್ಮೇ ಬರುವುದಿಲ್ಲ.

ರುಚಿ ಸ್ವಲ್ಪ ಮಂಕಾಗುತ್ತದೆ, ಲೋಳೆತನವೂ ಹಿಡಿಸದೆ ಅನೇಕರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಈ ಪುಡಿಯ ದೊಡ್ಡ ಕೊರತೆ ಇದೇ. ದಿನಕ್ಕೆ ಎಷ್ಟು ಲೋಟ ಹೋಯಿತೆಂದು ಬರೆದಿಡಿ, ಮೂತ್ರದ ಬಣ್ಣ ಗಾಢವಾದರೆ ವೈದ್ಯರಿಗೆ ತಿಳಿಸಿ. ಗಟ್ಟಿ ನೀರಿನಲ್ಲಿ ಕೆಲವು ಮಾತ್ರೆಗಳು ತಡವಾಗಿ ಕರಗುತ್ತವೆ, ಅದನ್ನೂ ಅವರಲ್ಲೇ ಕೇಳಿ. ಅವಧಿಗೆ ಮುಂಚೆ ಹುಟ್ಟಿದ ಕೂಸುಗಳ ಹಾಲಿಗಂತೂ ಕ್ಸಾಂಥನ್ ಬೆರೆಸಲೇಬಾರದು, ಕರುಳಿಗೆ ಅಪಾಯ.