ತಿಥಿ ಮಾಡಿಸುವ ತಂಡದ ಬಗ್ಗೆ, ದೇವರ ವಿಷಯದಲ್ಲಿ ‘ಗೊತ್ತಿಲ್ಲ’ ಅನ್ನುವವನ ಮಾತು

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಮನೆಗೇ ಬಂದು ತಿಥಿ ಮಾಡಿಸಿಕೊಡುವ ತಂಡ ಒಂದಿದೆ. ಒಬ್ಬರು ಭಟ್ಟರು, ಇಬ್ಬರು ಅಡಿಗೆಯವರು. ದರ್ಭೆ, ಎಳ್ಳು, ಪಾತ್ರೆ, ಅಡಿಗೆ ಸಾಮಾನು ಎಲ್ಲ ಅವರದೇ. ತೆಂಗಿನಕಾಯಿ, ಬಾಳೆಲೆ, ಕಟ್ಟಿಗೆ ನಮ್ಮದು. ಹದಿನೈದು ಜನರ ಊಟ ಸೇರಿ ನಮ್ಮಿಂದ 9,000 ರೂಪಾಯಿ ತೆಗೆದುಕೊಂಡರು. ದಕ್ಷಿಣೆ ಬೇರೆ, ಅದು ನಮ್ಮ ಇಷ್ಟ. ಹೆಸರು, ಫೋನ್ ನಂಬರು ಹಾಕುವುದು ಬೇಡ ಅಂತ ಭಟ್ಟರೇ ಹೇಳಿದ್ದಾರೆ. ಆ ಕಡೆ ಯಾರನ್ನಾದರೂ ಕೇಳಿದರೆ ಸಿಗುತ್ತಾರೆ.

ಹೊತ್ತಿಗೆ ಸರಿಯಾಗಿ ಬಂದರು, ಕೆಲಸ ಚೆನ್ನಾಗಿ ಮಾಡಿದರು ಅಂತ ಬರೆದು ನಿಲ್ಲಿಸಬಹುದಿತ್ತು. ಆದರೆ ನನಗೆ ಬೇಕಿದ್ದದ್ದು ಅದಕ್ಕಿಂತ ಜಾಸ್ತಿ. ದೇವರು ಇದ್ದಾನಾ ಅಂತ ಕೇಳಿದರೆ ಗೊತ್ತಿಲ್ಲ ಅನ್ನುವವನು ನಾನು. ಅಪ್ಪ ಈಗ ಎಲ್ಲಾದರೂ ಇದ್ದಾರಾ ಅಂದರೂ ಅದೇ ಉತ್ತರ. ಇಂಥವನು ಅಪ್ಪನ ತಿಥಿಗೆ ಕೂರಬಹುದಾ? ಕೂತರೆ ಸುಳ್ಳು ಹೇಳದೆ ಎದ್ದು ಬರಬಹುದಾ? ನಮ್ಮ ಕಡೆ ಈ ಪ್ರಶ್ನೆಯನ್ನು ಮನಸ್ಸಲ್ಲೇ ಇಟ್ಟುಕೊಂಡು ಪ್ರತಿವರ್ಷ ಜನಿವಾರ ಬಲಕ್ಕೆ ಹಾಕುವವರು ಸುಮಾರು ಜನ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹಿಂದಿನ ವರ್ಷ ಬೇರೆ ಕಡೆ, ಒಂದು ಹಾಲ್‌ನಲ್ಲಿ ಮಾಡಿಸಿದ್ದೆವು. ನಾಲ್ಕೈದು ಮನೆಯವರನ್ನು ಒಟ್ಟಿಗೆ ಕೂರಿಸಿ ಮೈಕಿನಲ್ಲಿ ಮಂತ್ರ. ನಡುವೆ ಪುರೋಹಿತರು ಮೈಕಿನಲ್ಲೇ, ನಂಬಿಕೆ ಇಲ್ಲದವರು ಕೊಟ್ಟದ್ದು ಪಿತೃಗಳಿಗೆ ಮುಟ್ಟುವುದಿಲ್ಲ ಅಂದರು. ನನ್ನ ವಿಚಾರ ಗೊತ್ತಿರುವ ಅಮ್ಮ ಕಾರಿನಲ್ಲಿ ಮನೆಯವರೆಗೂ ಮಾತಾಡಲಿಲ್ಲ. ಆ ಸೇವೆಗೆ ಇನ್ನೊಮ್ಮೆ ಹೋಗುವುದಿಲ್ಲ ಅಂತ ಅವತ್ತೇ ತೀರ್ಮಾನ ಮಾಡಿದೆ.

ಹಾಗಾಗಿ ಈ ಸಲ ಭಟ್ಟರಿಗೆ ಫೋನ್ ಮಾಡಿದಾಗ ದರ ಕೇಳುವ ಮೊದಲೇ ನನ್ನ ವಿಷಯ ಹೇಳಿದೆ. ‘ನಾನು ದೇವರಿದ್ದಾನೆ ಅನ್ನುವವನಲ್ಲ, ಇಲ್ಲ ಅನ್ನುವವನೂ ಅಲ್ಲ. ಅಮ್ಮನಿಗೆ ತಿಥಿ ಬೇಕು, ನನಗೂ ಅಪ್ಪನ ಹೆಸರು ಹೇಳಿ ಒಂದು ದಿನ ಕೂರಬೇಕು ಅಂತಿದೆ. ಆದರೆ ನನಗೆ ಗೊತ್ತಿಲ್ಲದ್ದನ್ನು ಗೊತ್ತಿದೆ ಅಂತ ನನ್ನ ಬಾಯಲ್ಲಿ ಹೇಳಿಸಬೇಡಿ.’ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಹಿಂದಿನ ದಿನ ಸಂಜೆ ಬರುತ್ತೇನೆ, ಅರ್ಥ ಹೇಳುತ್ತೇನೆ, ನೀವೇ ನೋಡಿ ಅಂದರು.

ಬಂದರು. ಈ ಸೇವೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆ ಸಂಜೆಯೇ. ಜಗಲಿಯಲ್ಲಿ ಕೂತು, ಮಾರನೆಯ ದಿನ ನಾನು ಹೇಳಬೇಕಾದ ಒಂದೊಂದು ಮಾತಿನ ಅರ್ಥವನ್ನೂ ಬಿಡಿಸಿ ಹೇಳಿದರು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬರೆಯುತ್ತಾ ಹೋದ ಹಾಗೆ ಒಂದು ವಿಷಯ ಕಣ್ಣಿಗೆ ಬಿತ್ತು. ನಾನು ಹೇಳಬೇಕಾದದ್ದರಲ್ಲಿ ಹೆಚ್ಚಿನದು ‘ಹೀಗಿದೆ’ ಅನ್ನುವ ಮಾತಲ್ಲ. ಬನ್ನಿ, ಕೂತುಕೊಳ್ಳಿ, ಈ ನೀರು ತೆಗೆದುಕೊಳ್ಳಿ, ತೃಪ್ತರಾಗಿ, ಹೋಗಿ ಬನ್ನಿ. ಎಲ್ಲ ಕರೆಯುವ, ಕೇಳಿಕೊಳ್ಳುವ ಮಾತು. ಕರೆಯುವುದಕ್ಕೆ ಅಲ್ಲಿ ಯಾರೋ ಇದ್ದಾರೆ ಅಂತ ಖಾತ್ರಿ ಇರಬೇಕಾಗಿಲ್ಲ, ಅಲ್ವಾ? ಬಾಗಿಲು ಮುಚ್ಚಿದ ಮನೆಯ ಅಂಗಳದಲ್ಲಿ ನಿಂತು ‘ಯಾರಾದರೂ ಇದ್ದೀರಾ’ ಅಂತ ಕೂಗುವವನು ಸುಳ್ಳು ಹೇಳುತ್ತಿಲ್ಲ. ಒಳಗೆ ಜನ ಇದ್ದಾರೆ ಅಂತ ಅವನು ಹೇಳಿಲ್ಲ, ಇಲ್ಲ ಅಂತಲೂ ಹೇಳಿಲ್ಲ.

ಕೆಲವು ಮಾತು ಮಾತ್ರ ಹಾಗಿರಲಿಲ್ಲ. ಅಪ್ಪ ವಸುವಿನ ರೂಪದಲ್ಲಿ, ಅಜ್ಜ ರುದ್ರನ ರೂಪದಲ್ಲಿ, ಮುತ್ತಜ್ಜ ಆದಿತ್ಯನ ರೂಪದಲ್ಲಿ ಇದ್ದಾರೆ ಅನ್ನುವುದು ಅಂಥದ್ದು. ಅದನ್ನು ನಾನು ಹೇಗೆ ಹೇಳಲಿ ಅಂದೆ. ಭಟ್ಟರು, ಆ ಭಾಗವನ್ನು ನಾನು ಹೇಳುತ್ತೇನೆ, ನೀವು ಹೆಸರು, ಗೋತ್ರ ಹೇಳಿ ನೀರು ಬಿಡಿ ಸಾಕು ಅಂದರು. ಬೇಸರ ಮಾಡಿಕೊಳ್ಳಲಿಲ್ಲ, ಉಪದೇಶವನ್ನೂ ಮಾಡಲಿಲ್ಲ.

ಮಾರನೆಯ ದಿನ ಹಾಗೆಯೇ ನಡೆಯಿತು. ಬೆರಳಿಗೆ ದರ್ಭೆಯ ಪವಿತ್ರ, ಅಂಗೈಯಲ್ಲಿ ಕರಿ ಎಳ್ಳು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನಿಂದ ನೀರು ಇಳಿಯುವಾಗ ನಾಲ್ಕೈದು ಎಳ್ಳು ಚರ್ಮಕ್ಕೆ ಅಂಟಿಕೊಂಡೇ ಉಳಿಯುತ್ತದೆ, ಇನ್ನೊಮ್ಮೆ ನೀರು ಬಿಟ್ಟರೂ ಹೋಗುವುದಿಲ್ಲ. ಮುತ್ತಜ್ಜನ ಹೆಸರು ಹೇಳುವಾಗ ನನ್ನ ಗಂಟಲು ಕಟ್ಟಿತು. ಅವರ ಫೋಟೋ ಇಲ್ಲ, ಅವರನ್ನು ನೋಡಿದವರೂ ಯಾರೂ ಉಳಿದಿಲ್ಲ. ಆ ಹೆಸರು ನನ್ನವರೆಗೆ ಬಂದದ್ದು ಪ್ರತಿವರ್ಷ ಯಾರೋ ಒಬ್ಬರು ಹೀಗೆ ಕೂತು ಜೋರಾಗಿ ಹೇಳಿದ್ದರಿಂದ. ಇದಕ್ಕೆ ಪರಲೋಕದ ಸಾಕ್ಷಿ ಬೇಕಾಗಿಲ್ಲ.

ನನ್ನ ಸಹೋದ್ಯೋಗಿ ಒಬ್ಬರು ಪಕ್ಕಾ ನಾಸ್ತಿಕರು, ಒಳ್ಳೆಯ ಗೆಳೆಯರು. ಅವರು ನಗುತ್ತಾ, ದೇವರು, ಪರಲೋಕ ಯಾವುದನ್ನೂ ಒಪ್ಪದ ಹಳೆಯ ಕಾಲದ ಚಾರ್ವಾಕರ ಶ್ಲೋಕ ಹೇಳುತ್ತಾರೆ: ‘ಮೃತಾನಾಮಪಿ ಜಂತೂನಾಂ ಶ್ರಾದ್ಧಂ ಚೇತ್ ತೃಪ್ತಿಕಾರಣಮ್.’ 14ನೇ ಶತಮಾನದ ‘ಸರ್ವದರ್ಶನಸಂಗ್ರಹ’ ಅನ್ನುವ ಗ್ರಂಥದಲ್ಲಿ ಇದು ಬರುತ್ತದೆ. ಸತ್ತವರಿಗೆ ಶ್ರಾದ್ಧದಿಂದ ಹೊಟ್ಟೆ ತುಂಬುವುದಾದರೆ, ಪ್ರಯಾಣ ಹೊರಟವರಿಗೆ ಬುತ್ತಿ ಯಾಕೆ ಕಟ್ಟಬೇಕು, ಮನೆಯಲ್ಲೇ ಬಡಿಸಿದರೆ ಸಾಕಲ್ಲ ಅಂತ ಅದರ ವಾದ. ವಾದ ಸರಿಯಾಗಿಯೇ ಇದೆ. ಇಲ್ಲಿ ಇಟ್ಟ ಪಿಂಡ ಅಲ್ಲಿಗೆ ತಲುಪುತ್ತದೆ ಅನ್ನುವುದನ್ನು ನಾನೂ ಒಪ್ಪುವುದಿಲ್ಲ. ಗೊತ್ತಿಲ್ಲ ಅನ್ನುವುದೆಂದರೆ ಎಲ್ಲದಕ್ಕೂ ಅರ್ಧರ್ಧ ತಲೆ ಆಡಿಸುವುದಲ್ಲ. ತಾಯಿತ, ಜಾತಕ, ಮಂತ್ರಿಸಿದ ನೂಲು, ಇವನ್ನು ಪರೀಕ್ಷೆ ಮಾಡಿ ನೋಡಬಹುದು. ನೋಡಿದರೆ ನಿಲ್ಲುವುದಿಲ್ಲ. ಹಾಗಾಗಿ ಅವಕ್ಕೆ ನನ್ನ ಉತ್ತರ ‘ಬೇಡ’ ಅಂತಲೇ. ಈ ಇಡೀ ಜಗತ್ತಿನ ಹಿಂದೆ ಏನಾದರೂ ಇದೆಯಾ ಅನ್ನುವುದು ಬೇರೆ ಪ್ರಶ್ನೆ. ಅದನ್ನು ಪರೀಕ್ಷೆ ಮಾಡುವುದು ಹೇಗೆ ಅಂತಲೇ ನನಗೆ ತಿಳಿಯದು. ತಿಳಿಯದ್ದನ್ನು ತಿಳಿಯದು ಅಂದರೆ ಗೆಳೆಯರು ಪುಕ್ಕಲುತನ ಅನ್ನುತ್ತಾರೆ, ಮಾವ ಅಹಂಕಾರ ಅನ್ನುತ್ತಾರೆ. ನನಗೆ ಅದು ಪ್ರಾಮಾಣಿಕತೆ.

ದೇವರ ವಿಷಯದಲ್ಲಿ ಹೀಗೆ ‘ಗೊತ್ತಿಲ್ಲ’ ಅನ್ನುವವರಿಗೆ ಇಂಗ್ಲಿಷಿನಲ್ಲಿ ಇರುವ ಅಗ್ನಾಸ್ಟಿಕ್ ಅನ್ನುವ ಪದವನ್ನು 1869ರಲ್ಲಿ ಕಟ್ಟಿದವರು ಡಾರ್ವಿನ್ನರ ಪರವಾಗಿ ವಾದ ಮಾಡಿದ ಜೀವವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್‌ಲಿ. ಆದರೆ ನನ್ನ ಮನಸ್ಸಲ್ಲಿ ನಿಂತಿರುವುದು ಅದಕ್ಕೂ ಹಿಂದಿನ ಒಂದು ಪತ್ರ. 1860ರ ಸೆಪ್ಟೆಂಬರಿನಲ್ಲಿ ಅವರ ದೊಡ್ಡ ಮಗ ನೋಯೆಲ್ ಜ್ವರದಿಂದ ತೀರಿಕೊಂಡ. ಇನ್ನೂ ನಾಲ್ಕು ತುಂಬಿರಲಿಲ್ಲ. ಪಾದ್ರಿಯಾಗಿದ್ದ ಗೆಳೆಯ ಚಾರ್ಲ್ಸ್ ಕಿಂಗ್ಸ್‌ಲಿ ಸಮಾಧಾನದ ಪತ್ರ ಬರೆದರು. ಉತ್ತರದಲ್ಲಿ ಹಕ್ಸ್‌ಲಿ, ಸತ್ತ ಮೇಲೆ ಮನುಷ್ಯ ಉಳಿಯುತ್ತಾನೆ ಅನ್ನುವುದನ್ನು ತಾನು ಅಲ್ಲಗಳೆಯುವುದೂ ಇಲ್ಲ, ಒಪ್ಪುವುದೂ ಇಲ್ಲ ಅಂತ ಬರೆದರು. ನಂಬಲು ಕಾರಣ ಕಾಣುವುದಿಲ್ಲ, ಸುಳ್ಳು ಅಂತ ತೋರಿಸುವ ದಾರಿಯೂ ಇಲ್ಲ ಅಂದರು. ಮಗುವನ್ನು ಮಣ್ಣು ಮಾಡುವಾಗ ಪಾದ್ರಿಯೊಬ್ಬರು ಓದಿದ ಬೈಬಲಿನ ಒಂದು ಸಾಲು, ಸತ್ತವರು ಎದ್ದು ಬರುವುದಿಲ್ಲವಾದರೆ ಉಣ್ಣೋಣ ಕುಡಿಯೋಣ ಅನ್ನುವಂಥದ್ದು, ತನಗೆ ಎಷ್ಟು ಆಘಾತ ಮಾಡಿತು ಅಂತಲೂ ಅದೇ ಪತ್ರದಲ್ಲಿದೆ. ಮಗನನ್ನು ಕಳೆದುಕೊಂಡ ಆ ದಿನಗಳಲ್ಲಿ ‘ಅವನು ಸ್ವರ್ಗದಲ್ಲಿದ್ದಾನೆ’ ಅನ್ನುವುದು ಎಷ್ಟು ಸುಲಭವಾಗಿತ್ತು! ಅವರು ಅನ್ನಲಿಲ್ಲ. ಹಾಲ್‌ನ ಮೈಕಿನ ಮಾತು ಕೇಳಿದ ದಿನ ನನಗೆ ಧೈರ್ಯ ಕೊಟ್ಟದ್ದು ಈ ಪತ್ರ.

ಮತ್ತೆ ನಮ್ಮ ಅಂಗಳಕ್ಕೆ ಬರುತ್ತೇನೆ. ಕಾಗೆಗೆ ಎಲೆ ಇಟ್ಟಾಗ ಕಾಗೆ ಬರಲಿಲ್ಲ. ಅಮ್ಮ ಕಳವಳದಿಂದ ಬಾಗಿಲಲ್ಲೇ ನಿಂತಿದ್ದರು. ಅಪ್ಪನಿಗೆ ಏನೋ ಬೇಸರ ಅಂತ ಅವರ ಮುಖದಲ್ಲೇ ಬರೆದಿತ್ತು. ಇಲ್ಲಿ ಭಟ್ಟರು ಹೆದರಿಸಬಹುದಿತ್ತು, ಹೆದರಿಸಿ ಇನ್ನೊಂದು ಶಾಂತಿ ಹೋಮಕ್ಕೆ ಬುಕ್ ಮಾಡಿಸುವವರನ್ನೂ ನಾನು ನೋಡಿದ್ದೇನೆ. ಇವರು, ‘ಪಕ್ಕದ ತೋಟದಲ್ಲಿ ಅಡಿಕೆ ಕೊಯ್ಲು ನಡೆಯುತ್ತಿದೆ, ಆ ಗಲಾಟೆಗೆ ಕಾಗೆ ಹತ್ತಿರ ಬರುವುದಿಲ್ಲ ಅಮ್ಮ, ನಾವು ಇಟ್ಟಾಯಿತಲ್ಲ’ ಅಂದು ಒಳಗೆ ಕರೆದುಕೊಂಡು ಹೋದರು. ಅಮ್ಮ ಸಮಾಧಾನದಿಂದ ಊಟ ಮಾಡಿದರು. ಇದೊಂದಕ್ಕೇ ನಾನು ಪೂರ್ತಿ ಅಂಕ ಕೊಡುತ್ತೇನೆ.

ಊಟದ ಬಗ್ಗೆ ಎರಡು ಮಾತು. ಮೆಣಸಿನಕಾಯಿ ಇಲ್ಲ, ಕಾಳುಮೆಣಸು. ಬಾಳೆಕಾಯಿ ಪಲ್ಯ, ಹಾಗಲಕಾಯಿ, ಎಳ್ಳುಂಡೆ, ಪಾಯಸ ಎಲ್ಲ ಚೆನ್ನಾಗಿತ್ತು. ಉದ್ದಿನ ವಡೆ ಬಡಿಸುವಷ್ಟರಲ್ಲಿ ತಣ್ಣಗಾಗಿತ್ತು. ಪಾತ್ರೆ ತೊಳೆದು, ಒಲೆಯ ಬೂದಿ ತೆಗೆದು ಹೋದರು.

ಊಟದ ನಂತರ ವೀಳ್ಯ ಹಾಕಿಕೊಳ್ಳುತ್ತಾ ಭಟ್ಟರು ಹೇಳಿದ ಸಂಗತಿ ನನಗೆ ಹೊಸದು. ವೇದದ ಕರ್ಮಗಳಿಗಾಗಿ ಅಷ್ಟೆಲ್ಲ ವಾದ ಮಾಡಿದ ಮೀಮಾಂಸಕರು, ಅವರಲ್ಲೂ ಕುಮಾರಿಲ ಭಟ್ಟರು, ಜಗತ್ತನ್ನು ಸೃಷ್ಟಿಸಿದ ಈಶ್ವರ ಒಬ್ಬನಿದ್ದಾನೆ ಅನ್ನುವುದನ್ನು ಒಪ್ಪಲಿಲ್ಲವಂತೆ. ಆಮೇಲೆ ಓದಿ ನೋಡಿದೆ, ಹೌದು. ಹಾಗಂತ ಕುಮಾರಿಲರನ್ನು ನನ್ನ ಪಕ್ಷಕ್ಕೆ ಎಳೆದುಕೊಳ್ಳುವುದಿಲ್ಲ. ವೇದ ಪ್ರಮಾಣ ಅನ್ನುವುದರಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಆದರೂ ಸೃಷ್ಟಿಕರ್ತನನ್ನು ಒಪ್ಪದವರು ಸಂಪ್ರದಾಯದ ನಡುಮನೆಯಲ್ಲೇ ಕೂತಿದ್ದರು ಅನ್ನುವುದು ದೊಡ್ಡ ವಿಷಯ. ಕರ್ಕಾಟಕ ಅಮಾವಾಸ್ಯೆಗೆ ಬೇಕಲದ ಹತ್ತಿರ ತೃಕ್ಕನ್ನಾಡಿನ ಕಡಲ ತೀರದಲ್ಲಿ ಸಾಲಾಗಿ ಕೂತು ಪಿತೃಗಳಿಗೆ ಬಲಿ, ಅಂದರೆ ಪಿಂಡ, ಹಾಕುವವರನ್ನು ನೋಡಿದ್ದೇನೆ. ಅವರಲ್ಲಿ ಎಷ್ಟು ಜನರಿಗೆ ಖಾತ್ರಿ ಇದೆ, ಎಷ್ಟು ಜನರಿಗೆ ಇಲ್ಲ ಅಂತ ಅಲ್ಲಿ ಯಾರೂ ವಿಚಾರಿಸುವುದಿಲ್ಲ.

ಇನ್ನು ನನ್ನ ತಕರಾರು. ಅಪ್ಪನ ಕೊನೆಗಾಲದಲ್ಲಿ ಅವರನ್ನು ನೋಡಿಕೊಂಡದ್ದು ಅಕ್ಕ. ಸ್ನಾನ ಮಾಡಿಸಿದ್ದು, ಗಂಜಿ ಕುಡಿಸಿದ್ದು, ರಾತ್ರಿ ಎದ್ದು ಮಗ್ಗುಲು ಬದಲಿಸಿದ್ದು ಎಲ್ಲ ಅವಳೇ. ಅಕ್ಕನೂ ನನ್ನ ಪಕ್ಕ ಕೂತು ಎಳ್ಳುನೀರು ಬಿಡಬಹುದಾ ಅಂತ ಕೇಳಿದೆ. ಭಟ್ಟರು ನಮ್ಮಲ್ಲಿ ಆ ಕ್ರಮ ಇಲ್ಲ ಅಂದರು. ಅವಳು ಕಂಬದ ಹತ್ತಿರ ನಿಂತೇ ನೋಡಿದಳು. ನನ್ನಂಥ ಅನುಮಾನದವನಿಗೆ ದಾರಿ ಮಾಡಿಕೊಟ್ಟವರು, ಪೂರ್ತಿ ನಂಬುವ ಅವಳಿಗೆ ಮಾಡಿಕೊಡಲಿಲ್ಲ. ಪಡೆಯುವವರು ಯಾರು, ಹೇಗೆ ಪಡೆಯುತ್ತಾರೆ ಅನ್ನುವುದನ್ನು ಕಂಡವರಿಲ್ಲ. ಹಾಗಿದ್ದರೆ ಮಗಳು ಬಿಟ್ಟ ನೀರು ಸಲ್ಲುವುದಿಲ್ಲ ಅಂತ ಇಷ್ಟು ಖಚಿತವಾಗಿ ಹೇಳುವುದು ಹೇಗೆ? ಇದನ್ನು ಅವರ ಮುಖಕ್ಕೇ ಕೇಳಿದೆ. ಯೋಚನೆ ಮಾಡುತ್ತೇನೆ ಅಂದಿದ್ದಾರೆ. ಈ ಕಾರಣಕ್ಕೆ ಐದರಲ್ಲಿ ನಾಲ್ಕೇ ಕೊಡುತ್ತಿದ್ದೇನೆ.

ಬುಕ್ ಮಾಡುವವರು ಒಂದು ತಿಂಗಳು ಮೊದಲೇ ಹೇಳಿ. ಮಹಾಲಯ ಪಕ್ಷದಲ್ಲಿ ಅವರು ಸಿಗುವುದು ಕಷ್ಟ. ಹಿಂದಿನ ದಿನ ಸಂಜೆ ಬಂದು ಅರ್ಥ ಹೇಳಿ ಅಂತ ನೀವಾಗಿಯೇ ಕೇಳಬೇಕು, ಕೇಳದಿದ್ದರೆ ಅವರು ಬರುವುದಿಲ್ಲ. ಅದಕ್ಕೆ ಬೇರೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಹೆಣ್ಣುಮಕ್ಕಳು ಕೂರಬೇಕು ಅಂತ ಇರುವ ಮನೆಯವರು ಅದನ್ನೂ ಕೇಳಿ. ನಾನೊಬ್ಬನೇ ಕೇಳಿದ್ದಕ್ಕಿಂತ ಹತ್ತು ಮನೆಯವರು ಕೇಳಿದರೆ ಅವರ ಯೋಚನೆ ಬೇಗ ಮುಗಿಯಬಹುದು.